ಕಿಲ್‌ಪೆಕ್‌ನ ಕೆಂಪು ಕಲ್ಲಿನ ಚರ್ಚು

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ, ವೇಲ್ಸ್ ಗಡಿಗೆ ಹತ್ತಿರ, ಕಿಲ್‌ಪೆಕ್ ಅಂತ ಒಂದು ಪುಟ್ಟ ಹಳ್ಳಿ ಇದೆ. ಹೊಲ, ಕುರಿ, ಬೇಲಿ, ನಾಲ್ಕಾರು ಮನೆ. ಅಲ್ಲಿನ ಚರ್ಚನ್ನು ಸುಮಾರು 1140ರಲ್ಲಿ ಕಟ್ಟಿದರು. ಅದಕ್ಕೆ ಗೋಪುರ ಇಲ್ಲ, ದೊಡ್ಡ ಕಿಟಕಿಗಳಿಲ್ಲ. ರಸ್ತೆಯಿಂದ ನೋಡಿದರೆ ಇಲ್ಲಿಗೆ ಯಾಕೆ ಇಷ್ಟು ದೂರ ಬರಬೇಕಿತ್ತು ಅನ್ನಿಸಬಹುದು. ದಕ್ಷಿಣದ ಬಾಗಿಲ ಮುಂದೆ ನಿಂತ ಮೇಲೆ ಆ ಮಾತು ಮರೆತೇ ಹೋಗುತ್ತದೆ. ಎಂಟುನೂರಎಂಬತ್ತು ವರ್ಷ ಕಳೆದರೂ ಆ ಬಾಗಿಲಿನ ಕೆತ್ತನೆ ಇನ್ನೂ ಅಷ್ಟು ಸ್ಪಷ್ಟವಾಗಿದೆ. ಬಳ್ಳಿಯ ಎಲೆಯಲ್ಲಿ ನರ ಎಣಿಸಬಹುದು.

ಇಂಥ ಕೆತ್ತನೆ ಮಾಡಿದ ಗುಂಪು ಆ ಸೀಮೆಯಲ್ಲಿ ಇನ್ನೂ ಕೆಲವು ಕಡೆ ಕೆಲಸ ಮಾಡಿತ್ತು. ಅದರಲ್ಲಿ ಒಂದು ದೊಡ್ಡ ಕೆಲಸ ಇವತ್ತು ಹೆಚ್ಚುಕಡಿಮೆ ಅಳಿಸಿಯೇ ಹೋಗಿದೆ. ಹಾಗಾದರೆ ಕಿಲ್‌ಪೆಕ್ ಮಾತ್ರ ಹೇಗೆ ಉಳಿಯಿತು? ಅಲ್ಲಿಂದ ಬಂದ ಮೇಲೂ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು.

ನನ್ನಕ್ಕ, ಭಾವ ಕಾರ್ಡಿಫ್‌ನಲ್ಲಿದ್ದಾರೆ. ಹಾಗಾಗಿ ಆ ಕಡೆ ಹೋಗುವ ಅವಕಾಶ ನನಗೆ ಸಿಗುತ್ತದೆ. ಅಬರ್ಗವೆನ್ನಿ ದಾಟಿ ಹೆರೆಫರ್ಡ್ ಕಡೆ ಹೋಗುವ ಎ465 ರಸ್ತೆಯಲ್ಲಿ, ಹೆರೆಫರ್ಡ್ ಇನ್ನು ಸುಮಾರು 14 ಕಿಲೋಮೀಟರ್ ಇರುವಾಗ ಬಲಕ್ಕೆ ತಿರುಗಬೇಕು. ಅಲ್ಲಿಂದ ರಸ್ತೆ ಸಣ್ಣದು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಕಾರನ್ನು ಬೇಲಿಗೆ ಒತ್ತಿ ನಿಲ್ಲಿಸಬೇಕು. ಭಾವನಿಗೆ ಚರ್ಚಿಗಿಂತ ಅದರ ಹಿಂದಿನ ಕೋಟೆ ದಿಬ್ಬದ ಮೇಲೆ ಆಸೆ. ಅಕ್ಕನಿಗೆ ನಾನು ಹೇಳಿ ಹೇಳಿಯೇ ಕುತೂಹಲ ಹುಟ್ಟಿತ್ತು. ಅವರ ಮಗನಿಗೆ ಡ್ರ್ಯಾಗನ್ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಚರ್ಚಿನ ಪೂರ್ತಿ ಹೆಸರು ಸೇಂಟ್ ಮೇರಿ ಮತ್ತು ಸೇಂಟ್ ಡೇವಿಡ್ ಚರ್ಚ್. ಡೇವಿಡ್ ವೇಲ್ಸಿನ ಸಂತ. ಈಗ ಇಂಗ್ಲೆಂಡಿನ ಒಳಗಿದ್ದರೂ ಈ ಸೀಮೆ ಒಂದು ಕಾಲಕ್ಕೆ ವೆಲ್ಶ್ ಜನರದ್ದೇ. ಫ್ರಾನ್ಸಿನ ನಾರ್ಮಂಡಿ ಸೀಮೆಯ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಗಡಿಯುದ್ದಕ್ಕೂ ಕೋಟೆ ಕಟ್ಟುತ್ತಾ ಬಂದರು. ಕಿಲ್‌ಪೆಕ್ ಅಂಥ ಒಂದು ಗಡಿ ಠಾಣೆ. ಮಣ್ಣು ಪೇರಿಸಿ ದಿಬ್ಬ ಮಾಡಿ ಅದರ ಮೇಲೆ ಕೋಟೆ, ಅದರ ಬದಿಗೆ ಚರ್ಚು, ಚರ್ಚಿನ ಆಚೆ ಊರು. ಹನ್ನೆರಡನೇ ಶತಮಾನದಲ್ಲಿ ಇಲ್ಲಿನ ಒಡೆಯ ಹ್ಯೂ. 1134ರಲ್ಲಿ ಅವನು ಈ ಚರ್ಚನ್ನು ಗ್ಲಾಸ್ಟರ್‌ನ ಮಠಕ್ಕೆ ದಾನ ಕೊಟ್ಟ. ಈಗ ಕಾಣುವ ಕಟ್ಟಡ ಆ ಸುತ್ತಿನ ವರ್ಷಗಳದ್ದು. ಅದಕ್ಕೂ ಹಿಂದೆ ಇಲ್ಲೊಂದು ಚರ್ಚು ಇತ್ತು. ಈಶಾನ್ಯ ಮೂಲೆಯಲ್ಲಿ ಆ ಹಳೆಯ ಗೋಡೆಯ ತುಣುಕು ಈಗಲೂ ಉಳಿದಿದೆ.

ಕಟ್ಟಿದಾಗ ಇದು ರೋಮಿನ ಪೋಪ್‌ಗೆ ಸೇರಿದ ಚರ್ಚು. 1534ರಲ್ಲಿ ಎಂಟನೇ ಹೆನ್ರಿ ರೋಮಿನ ಸಂಬಂಧ ಕಡಿದುಕೊಂಡು ತಾನೇ ಇಂಗ್ಲೆಂಡ್ ಚರ್ಚಿನ ಮುಖ್ಯಸ್ಥ ಅಂತ ಕಾನೂನು ಮಾಡಿಸಿದ. ಅದಾದ ಮೇಲೆ ದೇಶದ ಹಳ್ಳಿಹಳ್ಳಿಯ ಚರ್ಚುಗಳು ಇದ್ದಲ್ಲೇ ಇದ್ದು ಆಂಗ್ಲಿಕನ್ ಆದವು. ಇಂಗ್ಲೆಂಡಿನಲ್ಲಿ ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಸರಹದ್ದು. ದೇಶದ ನೆಲವೆಲ್ಲ ಯಾವುದಾದರೂ ಒಂದು ಪ್ಯಾರಿಷ್ಷಿಗೆ ಸೇರಿರುತ್ತದೆ. ಮಗುವಿನ ನಾಮಕರಣ, ಮದುವೆ, ಸಾವು ಎಲ್ಲಕ್ಕೂ ಆ ಚರ್ಚೇ. ಅಂದರೆ ಕಿಲ್‌ಪೆಕ್‌ನ ಈ ಕೆತ್ತನೆ ಅರಮನೆಗೆ ಮಾಡಿದ್ದಲ್ಲ, ದೊಡ್ಡ ಕೆಥೀಡ್ರಲ್‌ಗೆ ಮಾಡಿದ್ದೂ ಅಲ್ಲ. ಒಕ್ಕಲು ಮಕ್ಕಳು ವಾರವಾರ ಬಂದು ಹೋಗುವ ಜಾಗಕ್ಕೆ ಮಾಡಿದ್ದು. ನನಗೆ ಅದರ ಮೇಲೆ ಇಷ್ಟು ಅಕ್ಕರೆ ಹುಟ್ಟಲು ಅದೂ ಒಂದು ಕಾರಣ.

ಕಟ್ಟಡದ ನಕ್ಷೆ ಸರಳ. ಪಶ್ಚಿಮದಿಂದ ಪೂರ್ವಕ್ಕೆ ಒಂದರ ಹಿಂದೊಂದು ಮೂರು ಭಾಗ. ಮೊದಲನೆಯದು ಜನ ಕೂರುವ ನೇವ್. ಆಮೇಲೆ ಪಾದ್ರಿ ಪೂಜೆ ನಡೆಸುವ ಚಾನ್ಸೆಲ್. ಕೊನೆಗೆ ಅರ್ಧ ವೃತ್ತದಲ್ಲಿ ಮುಗಿಯುವ ಏಪ್ಸ್. ನಮ್ಮ ಗುಡಿಗಳಲ್ಲಿ ನವರಂಗ, ಸುಕನಾಸಿ, ಗರ್ಭಗುಡಿ ಒಳಗೊಳಗೆ ಕಿರಿದಾಗುತ್ತಾ ಹೋಗುತ್ತವಲ್ಲ, ಇಲ್ಲೂ ಹಾಗೇ. ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು, ಮೂರನೆಯದು ಇನ್ನೂ ಚಿಕ್ಕದು, ಕಮಾನುಗಳ ಮೂಲಕ ಕಣ್ಣು ಸೀದಾ ಒಳಗೆ ಹೋಗುತ್ತದೆ. ಇಂಗ್ಲೆಂಡಿನ ಬಹುಪಾಲು ಹಳ್ಳಿ ಚರ್ಚುಗಳಲ್ಲಿ ಈ ಏಪ್ಸ್ ಉಳಿದಿಲ್ಲ. ನಂತರದ ಕಾಲದವರು ಅದನ್ನು ಒಡೆದು ಚಾನ್ಸೆಲ್ಲನ್ನು ಉದ್ದ ಮಾಡಿ, ಪೂರ್ವಕ್ಕೆ ಚಪ್ಪಟೆ ಗೋಡೆ ಎಬ್ಬಿಸಿ ದೊಡ್ಡ ಕಿಟಕಿ ಇಟ್ಟರು. ಕಿಲ್‌ಪೆಕ್‌ನಲ್ಲಿ 1140ರ ಅಳತೆ ಅಳತೆಯಾಗಿಯೇ ಇದೆ. ನಾರ್ಮನ್ ಕಾಲದ ಹಳ್ಳಿ ಚರ್ಚು ಹೇಗಿರುತ್ತಿತ್ತು ಅಂತ ಒಂದೇ ಕಟ್ಟಡದಲ್ಲಿ ತಿಳಿಯಬೇಕಾದರೆ ಇಲ್ಲಿಗೆ ಬರಬೇಕು.

ಇನ್ನು ಆ ಬಾಗಿಲು.

ಬಾಗಿಲ ಮೇಲೆ ಅರ್ಧಚಂದ್ರದ ಆಕಾರದ ಒಂದು ಕಲ್ಲು. ಅದರ ತುಂಬ ಒಂದು ಗಿಡ, ದಪ್ಪ ಕಾಂಡ, ಎರಡೂ ಕಡೆ ಬಾಗಿದ ಎಲೆ, ಗೊಂಚಲು ಗೊಂಚಲು ದ್ರಾಕ್ಷಿ. ಇದನ್ನು ಜೀವವೃಕ್ಷ ಅಂತ ಹೇಳುತ್ತಾರೆ. ಅದರ ಸುತ್ತ ಕಮಾನು, ಪದರ ಪದರವಾಗಿ. ಒಂದು ಪದರದಲ್ಲಿ ಕೊಕ್ಕಿನ ತಲೆಗಳು, ವಿಚಿತ್ರ ಪ್ರಾಣಿಗಳು. ಹೊರಗಿನ ಪದರದಲ್ಲಿ ಉಂಗುರ ಉಂಗುರವಾಗಿ ಸರಪಳಿ, ಪ್ರತಿ ಉಂಗುರದ ಒಳಗೆ ಒಂದು ಹಕ್ಕಿಯೋ ಡ್ರ್ಯಾಗನ್ನೋ. ಬಾಗಿಲ ಎರಡೂ ಪಕ್ಕದ ಹೊರ ಕಂಬಗಳಲ್ಲಿ ಹಾವುಗಳು ಹೆಣೆದುಕೊಂಡು ಇಳಿಯುತ್ತವೆ, ಒಂದರ ಬಾಲ ಇನ್ನೊಂದರ ಬಾಯಲ್ಲಿ. ಬಲಗಡೆ ಕಂಬದ ತಲೆಯಲ್ಲಿ ಒಂದು ಮುಖ. ಅದರ ಬಾಯಿಂದ ಬಳ್ಳಿ ಹೊರಟು ಎರಡೂ ಕಡೆ ಹರಡುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಮುಖಕ್ಕೆ ಗ್ರೀನ್ ಮ್ಯಾನ್ ಅನ್ನುತ್ತಾರೆ.

ನಾನು ಜಾಸ್ತಿ ಹೊತ್ತು ನಿಂತದ್ದು ಎಡಗಡೆಯ ಒಳಗಂಬದ ಮುಂದೆ. ಅಲ್ಲಿ ಇಬ್ಬರು ಯೋಧರಿದ್ದಾರೆ, ಒಬ್ಬನ ಮೇಲೊಬ್ಬ. ಬಳ್ಳಿಗಳು ಅವರ ಕೈಕಾಲು ಸುತ್ತಿಕೊಂಡಿವೆ. ಅವರು ಅದರಲ್ಲಿ ಸಿಕ್ಕಿಬಿದ್ದಿದ್ದಾರೋ, ಬಳ್ಳಿಯನ್ನು ಬಿಡಿಸಿಕೊಂಡು ಹೊರಬರುತ್ತಿದ್ದಾರೋ ತಿಳಿಯುವುದಿಲ್ಲ. ತಲೆ ಮೇಲೆ ಚೂಪು ಟೋಪಿ, ಮೈಗೆ ಬಿಗಿಯಾದ ಅಂಗಿ, ಕಾಲಿಗೆ ಸಡಿಲ ಚಲ್ಲಣ. ಬಟ್ಟೆಯ ನೆರಿಗೆಯನ್ನು ಶಿಲ್ಪಿ ಒತ್ತೊತ್ತಾದ ಗೀರುಗಳಲ್ಲಿ ತೋರಿಸಿದ್ದಾನೆ. ಆ ಗೀರುಗಳು ಕಾಲಿನ ದುಂಡನೆಯ ಜೊತೆಗೇ ಬಳಸಿಕೊಂಡು ಹೋಗುತ್ತವೆ. ಉಳಿಯ ಏಟು ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಅನ್ನುವುದು ಕಾಣುತ್ತದೆ. ಬೈಬಲ್ಲಿನಲ್ಲಿ ಇಂಥ ಇಬ್ಬರು ಇಲ್ಲ. ಅವರನ್ನು ವೆಲ್ಶ್ ಯೋಧರು ಅಂತ ಕೆಲವರು ಕರೆಯುತ್ತಾರೆ. ಆ ಕಲ್ಲುಕುಟಿಗ ತಾನು ದಿನಾ ನೋಡುತ್ತಿದ್ದ ಗಡಿಯ ಆಳುಗಳನ್ನೇ ಇಲ್ಲಿ ನಿಲ್ಲಿಸಿರಬೇಕು ಅಂತ ನನಗೆ ಅನ್ನಿಸುತ್ತದೆ.

ಕಲ್ಲು ಅಲ್ಲಿನದೇ. ಹಳೇ ಕೆಂಪು ಮರಳುಗಲ್ಲು, ಕೋಟ್ಯಂತರ ವರ್ಷ ಹಿಂದೆ ನದಿ ತಂದ ಮರಳು ಗಟ್ಟಿಯಾದದ್ದು. ಮಳೆ ಬಂದು ನೆನೆದಾಗ ಅದು ಇನ್ನೂ ಕೆಂಪಾಗಿ ಕಾಣುತ್ತದೆ, ಒಣಗಿದರೆ ಕಂದು ಗುಲಾಬಿ. ಮರಳುಗಲ್ಲು ಸಾಮಾನ್ಯವಾಗಿ ಪದರ ಪದರ ಕಳಚುತ್ತದೆ. ಈ ಕೆತ್ತನೆಗೆ ಆರಿಸಿದ ಕಲ್ಲು ಮಾತ್ರ ಗಟ್ಟಿ ಜಾತಿಯದು. ಕಲ್ಲು ಆರಿಸಿದವನಿಗೂ ಕಲ್ಲು ಕೆತ್ತಿದವನಷ್ಟೇ ಮರ್ಯಾದೆ ಸಲ್ಲಬೇಕು.

ಬಾಗಿಲು ಬಿಟ್ಟು ಚರ್ಚಿಗೆ ಒಂದು ಸುತ್ತು ಹಾಕಿದರೆ ಸೂರಿನ ಕೆಳಗಿನ ಸಾಲು ಸಿಗುತ್ತದೆ. ಸೂರನ್ನು ಹೊರಲು ಗೋಡೆಯಿಂದ ಹೊರಕ್ಕೆ ಚಾಚಿದ ತುಂಡು ಕಲ್ಲುಗಳಿಗೆ ಕಾರ್ಬೆಲ್ ಅನ್ನುತ್ತಾರೆ. ಬೇರೆ ಕಡೆ ಅವು ಬೋಳಾಗಿರುತ್ತವೆ, ಇಲ್ಲವೇ ಎಲ್ಲೋ ಒಂದೆರಡು ಮುಖ ಇರುತ್ತದೆ. ಕಿಲ್‌ಪೆಕ್‌ನಲ್ಲಿ ಮೊದಲು 91 ಇದ್ದವಂತೆ. ಈಗ 85 ಉಳಿದಿವೆ, ಒಂದರಂತೆ ಇನ್ನೊಂದಿಲ್ಲ. ಹಂದಿ, ಟಗರು, ಹಕ್ಕಿ, ಮನುಷ್ಯರ ತಲೆಯನ್ನು ಬಾಯಲ್ಲಿ ಕಚ್ಚಿದ ಪ್ರಾಣಿ, ಪಿಟೀಲಿನಂಥ ವಾದ್ಯ ನುಡಿಸುವವನು, ಅಪ್ಪಿಕೊಂಡು ಕುಣಿಯುತ್ತಿರುವಂತೆ ಕಾಣುವ ಇಬ್ಬರು, ಶಿಲುಬೆ ಹೊತ್ತ ಕುರಿಮರಿ. ಕುರಿಮರಿ ಯೇಸುವಿನ ಗುರುತು. ಹಂದಿ ಬರೀ ಹಂದಿ ಅಂತ ಕಾಣುತ್ತದೆ. ಎರಡೂ ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ ಇವೆ.

ಅಕ್ಕನ ಮಗ ಹುಲ್ಲಿನ ಮೇಲೆ ಅಂಗಾತ ಮಲಗಿ ನೋಡತೊಡಗಿದ. ಅದೇ ಸರಿಯಾದ ದಾರಿ, ಕತ್ತು ನೋಯುವುದಿಲ್ಲ. ಸ್ವಲ್ಪ ಹೊತ್ತಿಗೆ, "ಮಾಮಾ, ಇಲ್ಲಿ ಬಾ, ಇದು ಕಾರ್ಟೂನ್ ಅಲ್ವಾ?" ಅಂತ ಕೂಗಿದ. ಅವನು ತೋರಿಸಿದ್ದು ನಾಯಿ ಮತ್ತು ಮೊಲ. ಕಿಲ್‌ಪೆಕ್‌ನ ಎಲ್ಲ ಕಾರ್ಬೆಲ್‌ಗಳಲ್ಲಿ ಜನರಿಗೆ ಹೆಚ್ಚು ಇಷ್ಟವಾದದ್ದು ಅದೇ. ನಾಯಿಯ ಕಿವಿ ಜೋತುಬಿದ್ದಿದೆ, ಕಣ್ಣು ದೊಡ್ಡದು, ಮುಖ ಪಾಪದ್ದು. ಪಕ್ಕದಲ್ಲೇ ಅಂಟಿಕೊಂಡು ಮೊಲ. ಬೇಟೆಯಲ್ಲಿ ಒಂದು ಓಡಿಸುವುದು, ಇನ್ನೊಂದು ಓಡುವುದು. ಇಲ್ಲಿ ಎರಡೂ ಜೊತೆಗೆ ಕೂತು ಕೆಳಗೆ ಬಂದವರನ್ನು ನೋಡುತ್ತಿವೆ. ಎಂಟು ಶತಮಾನಗಳ ಆಚೆಯ ಕೈಕೆಲಸ ಒಬ್ಬ ಹುಡುಗನಿಗೆ ಯಾರ ವಿವರಣೆಯೂ ಇಲ್ಲದೆ ಸೀದಾ ತಲುಪಿತು. ಅದನ್ನು ಕಂಡು ನನಗೆ ಬಹಳ ಖುಷಿಯಾಯಿತು.

ಏಪ್ಸ್‌ನ ಕಡೆ ತಿರುಗಿದಾಗ ಅಕ್ಕ ನಿಂತಳು. "ಏನೋ ಇದು?" ಅಂದಳು. ಅದು ಕಿಲ್‌ಪೆಕ್‌ನ ಇನ್ನೊಂದು ಹೆಸರಾಂತ ಶಿಲ್ಪ, ಶೀಲಾ ನಾ ಗಿಗ್. ದೊಡ್ಡ ತಲೆ, ದುಂಡು ಕಣ್ಣು, ಚಿಕ್ಕ ಮೈಯ ಒಬ್ಬ ಹೆಂಗಸು. ಕಾಲುಗಳ ಹಿಂದಿನಿಂದ ಕೈ ತಂದು ತನ್ನ ಯೋನಿಯನ್ನು ಅಗಲಿಸಿ ತೋರಿಸುತ್ತಿದ್ದಾಳೆ. ಇಂಥ ಶಿಲ್ಪಗಳು ಐರ್ಲೆಂಡ್ ಮತ್ತು ಬ್ರಿಟನ್ನಿನ ಹಳೆಯ ಚರ್ಚು, ಕೋಟೆಗಳ ಮೇಲೆ ಇನ್ನೂ ಇವೆ. ಕಾಮದ ಪಾಪದ ಬಗ್ಗೆ ಎಚ್ಚರಿಕೆ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಕೆಟ್ಟ ದೃಷ್ಟಿ ತಡೆಯಲು ಅಂತ ಇನ್ನು ಕೆಲವರು. ಹೆರಿಗೆ, ಫಲವತ್ತತೆಯ ಹಳೆಯ ನಂಬಿಕೆ ಅನ್ನುವವರೂ ಇದ್ದಾರೆ. ಬಾದಾಮಿ ಕಡೆಯ ಲಜ್ಜಾಗೌರಿಯನ್ನು ನೋಡಿದ ಕನ್ನಡದವರಿಗೆ ಅವಳ ನೆನಪು ಬಂದೇ ಬರುತ್ತದೆ. ಆದರೆ ಎರಡಕ್ಕೂ ನಂಟು ಕಟ್ಟಲು ಹೋಗಬಾರದು. ಲಜ್ಜಾಗೌರಿಗೆ ಜನ ಹೂವು ಏರಿಸಿ ಕೈಮುಗಿದಿದ್ದಾರೆ. ಕಿಲ್‌ಪೆಕ್‌ನ ಈ ಹೆಂಗಸು ಸೂರು ಹೊತ್ತು ಕೂತಿದ್ದಾಳೆ. ಒಬ್ಬೊಬ್ಬರದು ಒಂದೊಂದು ಲೋಕ.

1842ರಲ್ಲಿ ಜಾರ್ಜ್ ರಾಬರ್ಟ್ ಲೂಯಿಸ್ ಅನ್ನುವ ಚಿತ್ರಕಾರ ಈ ಚರ್ಚಿನ ಒಂದೊಂದು ಶಿಲ್ಪವನ್ನೂ ಬರೆದು ಪ್ರಕಟಿಸಿದ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವನಿಗೂ ಇದನ್ನು ಇದ್ದಂತೆ ತೋರಿಸಲು ಆಗಲಿಲ್ಲ. ಇವನೊಬ್ಬ ಮೂರ್ಖ, ಎದೆ ಸೀಳಿ ಹೃದಯದ ದಾರಿ ಎಲ್ಲರಿಗೂ ತೆರೆದು ತೋರಿಸುತ್ತಿದ್ದಾನೆ ಅಂತ ಅರ್ಥ ಹೇಳಿದ. ಅವನ ಕಾಲದ ಸಂಕೋಚ ಅಂಥದ್ದು. ಆದರೂ ನನಗೆ ಲೂಯಿಸನ ಮೇಲೆ ಗೌರವ ಇದೆ. ಅವನು ಚಿತ್ರ ಬರೆದಿಟ್ಟದ್ದು ಎಷ್ಟು ಮುಖ್ಯವಾಯಿತು ಅನ್ನುವುದನ್ನು ಇನ್ನು ಸ್ವಲ್ಪ ಮುಂದೆ ಹೇಳುತ್ತೇನೆ.

ಡ್ರ್ಯಾಗನ್‌ಗಳು ಪಶ್ಚಿಮದ ಗೋಡೆಯಲ್ಲಿವೆ. ಗೋಡೆಯಿಂದ ಕತ್ತು ಚಾಚಿ ಬಾಯಿ ತೆರೆದಿವೆ, ನಾಲಗೆ ಸುರುಳಿ ಸುತ್ತಿದೆ. ನಾರ್ವೆಯ ಹಳೆಯ ಮರದ ಚರ್ಚುಗಳ ಮಾಡಿನ ತುದಿಯಲ್ಲಿ ಇಂಥ ತಲೆಗಳಿರುತ್ತವೆ. ನಾರ್ಮನ್ನರ ಹಿರಿಯರು ಉತ್ತರದಿಂದ ಹಡಗಿನಲ್ಲಿ ಬಂದವರು ತಾನೇ. ಹೆಣೆದುಕೊಂಡ ಹಾವುಗಳಲ್ಲೂ ಆ ಉತ್ತರದ ಗುಣ ಇದೆ. ಬಳ್ಳಿ, ದ್ರಾಕ್ಷಿ ಫ್ರಾನ್ಸಿನ ಪಶ್ಚಿಮ ಸೀಮೆಯ ಚರ್ಚುಗಳನ್ನು ನೆನಪಿಸುತ್ತವೆ. ಇಷ್ಟೆಲ್ಲ ದೇಶಗಳ ಗುರುತು ಈ ಕೊಂಪೆಯಲ್ಲಿ ಹೇಗೆ ಸೇರಿತು?

ಇದಕ್ಕೆ ವಿದ್ವಾಂಸರು ಕೊಡುವ ಉತ್ತರದಲ್ಲಿ ಒಲಿವರ್ ಡಿ ಮರ್ಲಿಮಂಡ್ ಅನ್ನುವವನ ಹೆಸರು ಬರುತ್ತದೆ. ಅವನು ಹ್ಯೂ ಡಿ ಮಾರ್ಟಿಮರ್ ಎಂಬ ದೊಡ್ಡ ಒಡೆಯನ ಕಾರಭಾರಿ. ಹೆರೆಫರ್ಡ್‌ಶೈರ್‌ನ ಉತ್ತರಕ್ಕಿರುವ ಶಾಬ್ಡನ್‌ನಲ್ಲಿ 1130ರ ದಶಕದಲ್ಲಿ ಒಂದು ಚರ್ಚು ಕಟ್ಟಿಸಿದ. ಅದೇ ಕಾಲಕ್ಕೆ ಸ್ಪೇನಿನ ಸ್ಯಾಂಟಿಯಾಗೊ ಡಿ ಕಾಂಪೊಸ್ಟೆಲಾಗೆ ಯಾತ್ರೆ ಹೋಗಿ ಬಂದ. ವಿಗ್ಮೋರ್ ಮಠದ ಹಳೆಯ ಚರಿತ್ರೆಯಲ್ಲಿ ಇದು ದಾಖಲಾಗಿದೆ. ಆ ಯಾತ್ರೆಯ ದಾರಿ ಪಶ್ಚಿಮ ಫ್ರಾನ್ಸಿನ ಮೇಲೆ ಹಾದುಹೋಗುತ್ತದೆ. ದಾರಿಯುದ್ದಕ್ಕೂ ಹೊಸದಾಗಿ ಕಟ್ಟಿದ, ಕೆತ್ತನೆ ತುಂಬಿದ ಚರ್ಚುಗಳು. ಅವನ ಜೊತೆ ಒಬ್ಬ ಶಿಲ್ಪಿಯೂ ಹೋಗಿದ್ದಿರಬಹುದು, ನೋಡಿದ್ದನ್ನು ಬರೆದುಕೊಂಡು ಬಂದಿರಬಹುದು ಅನ್ನುವುದು ಊಹೆ. ಊಹೆಯಾದರೂ ನಂಬಬೇಕು ಅನ್ನಿಸುವಂಥದ್ದು. ಕಿಲ್‌ಪೆಕ್‌ನ ಒಳಗೆ ಹೋದರೆ ಇನ್ನೂ ಹಾಗನ್ನಿಸುತ್ತದೆ.

ಒಳಗೆ ಮಬ್ಬು. ಕಿಟಕಿಗಳು ಸಣ್ಣವು. ಬಿಳಿ ಸುಣ್ಣದ ಗೋಡೆ. ಹೊರಗೆ ಅಷ್ಟೊಂದು ಜೀವಿಗಳ ಗದ್ದಲ ನೋಡಿ ಬಂದವರಿಗೆ ಒಳಗಿನ ಬಿಡುವು ಹಿತವಾಗಿರುತ್ತದೆ. ಜನ ಕೂರುವ ಜಾಗದಿಂದ ಚಾನ್ಸೆಲ್‌ಗೆ ಹೋಗುವ ಕಮಾನಿನ ಎರಡೂ ಕಂಬಗಳಲ್ಲಿ ಸಂತರಿದ್ದಾರೆ. ಒಂದೊಂದು ಕಡೆ ಮೂವರು, ಒಬ್ಬರ ತಲೆ ಮೇಲೆ ಇನ್ನೊಬ್ಬರು ನಿಂತಿದ್ದಾರೆ. ಪೀಟರ್‌ನನ್ನು ಬೀಗದ ಕೈಯಿಂದ ಗುರುತಿಸಬಹುದು. ಹೀಗೆ ಕಂಬದಲ್ಲಿ ಸಂತರನ್ನು ಒಬ್ಬರ ಮೇಲೊಬ್ಬರಂತೆ ನಿಲ್ಲಿಸುವ ಕ್ರಮ ಕಾಂಪೊಸ್ಟೆಲಾದ ಕೆಥೀಡ್ರಲ್‌ನ ದಕ್ಷಿಣ ಬಾಗಿಲಲ್ಲೂ ಇದೆ. ಹೊರಗಿನ ನಾಯಿ, ಮೊಲಗಳಷ್ಟು ಸಲಿಗೆ ಇವರ ಮುಖದಲ್ಲಿಲ್ಲ. ಉದ್ದ ಮುಖ, ಗಂಭೀರ ಕಣ್ಣು, ನೆಟ್ಟಗೆ ಇಳಿದ ನೆರಿಗೆ. ಅವರ ಆಚೆ ಏಪ್ಸ್. ಅದರ ಮಾಡನ್ನು ಹೊತ್ತ ಕಲ್ಲಿನ ಪಟ್ಟಿಗಳ ಮೇಲೆ ಅಂಕುಡೊಂಕಿನ ಕೆತ್ತನೆ. ಅವು ಮಧ್ಯದಲ್ಲಿ ಸೇರುವ ಗಂಟಿನಲ್ಲಿ ಪ್ರಾಣಿಗಳ ತಲೆ. ಬಾಗಿಲ ಹತ್ತಿರ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ, ದೊಡ್ಡದು, ಕೆತ್ತನೆಯೇ ಇಲ್ಲದ್ದು. ಊರಿನ ಮಕ್ಕಳಿಗೆ ನೀರು ಹಾಕಿ ಹೆಸರಿಡುತ್ತಿದ್ದದ್ದು ಅದರಲ್ಲೇ.

ಇಷ್ಟು ಕೆಲಸ ಮಾಡಿದವರ ಹೆಸರು ಎಲ್ಲೂ ಇಲ್ಲ. ಇದು ನನಗೆ ನಿಜವಾಗಿ ಬೇಸರ ತಂದಿತು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಕಿಲ್‌ಪೆಕ್‌ಗಿಂತ ಹೆಚ್ಚೆಂದರೆ ಒಂದು ತಲೆಮಾರು ಹಳೆಯದು. ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಬಿರುದನ್ನೂ ಸೇರಿಸಿ. ಯಾರು ಯಾವ ಊರಿನವರು, ಯಾರ ಮಗ ಅಂತ ಇವತ್ತಿಗೂ ಹೇಳಬಹುದು. ಅದೇ ಕಾಲದಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಉಳಿ ಹಿಡಿದವನು ಯಾರ ಮಗನೋ, ಎಲ್ಲಿಂದ ಬಂದನೋ. ಇತಿಹಾಸಕಾರರು ಆ ಗುಂಪಿಗೆ ಹೆರೆಫರ್ಡ್‌ಶೈರ್ ಸ್ಕೂಲ್ ಅಂತ ಹೆಸರಿಟ್ಟಿದ್ದಾರೆ. ಅಷ್ಟೇ. ಒಡೆಯನ ಹೆಸರು ಉಳಿಯಿತು, ಒಡೆಯನ ಕಾರಭಾರಿಯ ಹೆಸರೂ ಉಳಿಯಿತು.

ಈಗ ಶಾಬ್ಡನ್ ವಿಷಯಕ್ಕೆ ಬರುತ್ತೇನೆ. ಕಿಲ್‌ಪೆಕ್ ಉಳಿದದ್ದು ಹೇಗೆ ಅನ್ನುವುದಕ್ಕೆ ಉತ್ತರ ಅಲ್ಲಿದೆ ಅಂತ ನಾನು ನಂಬುತ್ತೇನೆ.

ಶಾಬ್ಡನ್ ಚರ್ಚು ಕಿಲ್‌ಪೆಕ್‌ಗಿಂತ ಕೊಂಚ ಮೊದಲಿನದು, ಇದೇ ಗುಂಪಿನ ಕೆಲಸ. ಆರು ಶತಮಾನ ಅದು ಚೆನ್ನಾಗಿಯೇ ಇತ್ತು. 1750ರ ದಶಕದಲ್ಲಿ ಅಲ್ಲಿನ ಜಮೀನ್ದಾರರಾದ ಬೇಟ್‌ಮನ್ ಮನೆತನದವರಿಗೆ ಆ ಹಳೆಯ ಚರ್ಚು ಸಾಕಾಯಿತು. ಅದನ್ನು ಕೆಡವಿ, ಆ ಕಾಲದ ಫ್ಯಾಷನ್ನಿನ ಹೊಸ ಚರ್ಚು ಕಟ್ಟಿಸಿದರು. ಅದು ಈಗಲೂ ಇದೆ, ಬಿಳಿ ಮತ್ತು ತಿಳಿನೀಲಿ ಬಣ್ಣ, ನಾಜೂಕಿನ ಗೋಥಿಕ್ ಕಮಾನು. ಸುಂದರವಾಗಿದೆ, ಇಲ್ಲ ಅನ್ನುವುದಿಲ್ಲ. ಹಳೆಯ ಚರ್ಚಿನ ಕೆತ್ತಿದ ಬಾಗಿಲುಗಳನ್ನೂ ಕಮಾನನ್ನೂ ಅವರು ಎಸೆಯಲಿಲ್ಲ. ಹತ್ತಿರದ ಗುಡ್ಡದ ಮೇಲೆ ತೆಗೆದುಕೊಂಡು ಹೋಗಿ, ದೂರದಿಂದ ಚಂದ ಕಾಣಲಿ ಅಂತ ಸಾಲಾಗಿ ನಿಲ್ಲಿಸಿದರು. ಮೇಲೆ ಮಾಡು ಇಲ್ಲ, ಹಿಂದೆ ಗೋಡೆ ಇಲ್ಲ. ಮಳೆ ನೇರ ಕಲ್ಲಿಗೆ ಬಡಿಯಿತು. ಲೂಯಿಸ್ ಅದನ್ನೂ ಚಿತ್ರ ಬರೆದು 1852ರಲ್ಲಿ ಪ್ರಕಟಿಸಿದ್ದರಿಂದ ಅಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗುತ್ತದೆ. ಈಗ ಹೋದರೆ ಮುಖಗಳು ಉಬ್ಬುಗಳಾಗಿವೆ, ಬಳ್ಳಿಗಳು ನೆರಳುಗಳಾಗಿವೆ. ಅಂದ ಮೆಚ್ಚಿ ಎತ್ತಿಟ್ಟವರ ಕೈಯಲ್ಲೇ ಅದು ಹಾಳಾಯಿತು.

ಕಿಲ್‌ಪೆಕ್‌ಗೆ ಅಂಥ ಶ್ರೀಮಂತರು ಸಿಗಲಿಲ್ಲ. ಕೋಟೆಗೆ ಒಂದು ಕಾಲದಲ್ಲಿ ಬೆಲೆ ಇತ್ತು, ಜಾನ್ ರಾಜನೇ ಅಲ್ಲಿಗೆ ಬಂದು ತಂಗಿದ್ದ. ಗಡಿ ಶಾಂತವಾದ ಮೇಲೆ ಯಾರಿಗೂ ಅದು ಬೇಕಾಗಲಿಲ್ಲ. ಊರೂ ಕುಗ್ಗಿತು. ಚರ್ಚಿನ ಪಕ್ಕದ ಹೊಲದಲ್ಲಿ ಉಬ್ಬುತಗ್ಗು ಕಾಣುತ್ತವಲ್ಲ, ಅವೆಲ್ಲ ಹಳೆಯ ಊರಿನ ಮನೆ, ಬೀದಿಗಳ ಗುರುತು. ಭಾವ ಕೋಟೆ ದಿಬ್ಬ ಹತ್ತಿ ಅಲ್ಲಿಂದ ಅದನ್ನೆಲ್ಲ ತೋರಿಸಿದರು. ಕೋಟೆಯದು ಎರಡು ಮೂರು ಗೋಡೆ ತುಂಡು ಬಿಟ್ಟರೆ ಏನೂ ಉಳಿದಿಲ್ಲ.

ಅದೇ ಇಂಗ್ಲೆಂಡಿನ ಪೂರ್ವಕ್ಕೆ, ಸಫೋಕ್‌ನ ಲಾಂಗ್ ಮೆಲ್‌ಫರ್ಡ್, ಲ್ಯಾವೆನಮ್‌ನಂಥ ಊರುಗಳಲ್ಲಿ ಹದಿನೈದನೇ ಶತಮಾನದಲ್ಲಿ ಉಣ್ಣೆ ಬಟ್ಟೆ ವ್ಯಾಪಾರದಿಂದ ಹಣ ಹರಿಯಿತು. ಅಲ್ಲಿನವರು ಚರ್ಚುಗಳನ್ನು ಹೊಸದಾಗಿ, ದೊಡ್ಡದಾಗಿ ಕಟ್ಟಿಕೊಂಡರು. ಅವೂ ಅದ್ಭುತ. ಆದರೆ ಅವುಗಳ ಹಿಂದೆ ಎಷ್ಟು ಹಳೆಯ ಕೆಲಸ ಹೋಯಿತೋ. ಕಿಲ್‌ಪೆಕ್‌ನವರಿಗೆ ಇದ್ದ ಚರ್ಚೇ ಸಾಕಾಗಿತ್ತು, ಬೇರೆ ಕಟ್ಟುವ ದುಡ್ಡೂ ಇರಲಿಲ್ಲ. ಹಾಗಂತ ಅದನ್ನು ಬಿಟ್ಟೂ ಬಿಡಲಿಲ್ಲ. ಮಾಡು ಸೋರಿದರೆ ಹೊದಿಸಿದರು. 1848ರ ಸುಮಾರಿಗೆ ಒಂದು ದೊಡ್ಡ ದುರಸ್ತಿಯೂ ಆಯಿತು. ಕಾರ್ಬೆಲ್‌ಗಳು ಕಟ್ಟಿದ ದಿನದಿಂದ ಸೂರಿನ ಅಡಿಯಲ್ಲೇ ಇವೆ, ಅವಕ್ಕೆ ನೆತ್ತಿಯ ಮೇಲಿನ ನೆರಳು ತಪ್ಪಲಿಲ್ಲ. ಮೂರ್ತಿ ಒಡೆಯುವ ಕಾಲವೂ ಬಂದು ಹೋಯಿತು. ಹದಿನಾರು, ಹದಿನೇಳನೇ ಶತಮಾನದಲ್ಲಿ ದೇಶದ ಎಷ್ಟೋ ಚರ್ಚುಗಳ ಸಂತರ ತಲೆ ಉರುಳಿದವು, ಬಣ್ಣದ ಗಾಜು ಪುಡಿಯಾಯಿತು. ಕಿಲ್‌ಪೆಕ್‌ನ ಆರು ಸಂತರು ನಿಂತೇ ಇದ್ದಾರೆ.

ಇದರಿಂದ ಬಡತನ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬಡ ಊರುಗಳಲ್ಲಿ ಬಿದ್ದುಹೋದ ಕಟ್ಟಡಗಳು ಲೆಕ್ಕವಿಲ್ಲದಷ್ಟಿವೆ. ದಿನದ ಬಳಕೆಯಲ್ಲಿದ್ದು, ಬದಲಾಯಿಸಲೇಬೇಕು ಅನ್ನುವ ಹಟಕ್ಕೆ ಸಿಗದೆ ಇದ್ದದ್ದು ಇದರ ಭಾಗ್ಯ. ಬಳಕೆ ನಿಂತರೆ ಶಾಬ್ಡನ್‌ನ ಕಮಾನುಗಳ ಗತಿ. ಹಾಗಾಗಿ ಈಗಿನ ಇಂಗ್ಲೆಂಡಿನ ಸ್ಥಿತಿ ನೋಡಿದರೆ ಭಯವಾಗುತ್ತದೆ. ಚರ್ಚ್ ಆಫ್ ಇಂಗ್ಲೆಂಡ್ ಹತ್ತಿರ ಸುಮಾರು 16,000 ಚರ್ಚು ಕಟ್ಟಡಗಳಿವೆ. ಅದರಲ್ಲಿ 12,000ಕ್ಕೂ ಹೆಚ್ಚು ಕಾನೂನಿನ ರಕ್ಷಣೆ ಪಡೆದ ಪಾರಂಪರಿಕ ಕಟ್ಟಡಗಳು. ಕಿಲ್‌ಪೆಕ್ ಅದರಲ್ಲಿ ಮೊದಲ ದರ್ಜೆಯದು. ರಕ್ಷಣೆ ಅಂದರೆ ಕೆಡವುವ ಹಾಗಿಲ್ಲ ಅಂತ. ಮಾಡಿನ ಹೆಂಚು, ಚರಂಡಿ, ವಿಮೆಯ ಖರ್ಚು ಮಾತ್ರ ಮುಖ್ಯವಾಗಿ ಆ ಊರಿನ ಭಕ್ತರ ತಲೆ ಮೇಲೆ. ಭಾನುವಾರ ಬರುವವರು ಎಷ್ಟೋ ಕಡೆ ಬೆರಳೆಣಿಕೆಯಷ್ಟು, ಅವರಲ್ಲೂ ವಯಸ್ಸಾದವರೇ ಜಾಸ್ತಿ. ಹಳ್ಳಿಗಳ ಕಡೆ ಒಬ್ಬ ಪಾದ್ರಿ ಹಲವು ಚರ್ಚು ನೋಡಿಕೊಳ್ಳುವುದು ಈಗ ಮಾಮೂಲು. ಪೂಜೆ ನಿಂತುಹೋದ 350ಕ್ಕೂ ಹೆಚ್ಚು ಚರ್ಚುಗಳನ್ನು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಕಾಪಾಡುತ್ತಿದೆ. ಅದು ಪುಣ್ಯದ ಕೆಲಸ. ಆದರೂ ಪ್ರಾರ್ಥನೆ, ಮದುವೆ, ಶವಸಂಸ್ಕಾರ ನಡೆಯುವ ಚರ್ಚಿನ ಗೋಡೆಗೆ ಸಿಗುವ ಆರೈಕೆ ಬೇರೆ. ಸೋರುವುದು ಮೊದಲು ಕಣ್ಣಿಗೆ ಬೀಳುವುದು ಅಲ್ಲಿ ಬಂದು ಕೂರುವವರಿಗೆ.

ನಾನು ಕ್ರಿಶ್ಚಿಯನ್ ಅಲ್ಲ. ಆದರೂ ಅಲ್ಲಿ ಪೂಜೆ ಮುಂದುವರಿಯಲಿ ಅಂತ ಮನಸಾರೆ ಬಯಸುತ್ತೇನೆ. ಹೊರಟಾಗ ಅಕ್ಕ ಕಾಣಿಕೆ ಡಬ್ಬಿಗೆ ನೋಟು ಹಾಕಿದಳು. "ಇಷ್ಟು ಚೆನ್ನಾಗಿಟ್ಟುಕೊಂಡಿದ್ದಾರೆ, ಪಾಪ, ಅವರಿಗೂ ಖರ್ಚು ಇರತ್ತೆ," ಅಂದಳು. ಪ್ರವೇಶಕ್ಕೆ ಟಿಕೆಟ್ ಇಲ್ಲ. ನೋಡಲು ಹೋದವರು ದಯವಿಟ್ಟು ಆ ಡಬ್ಬಿಯನ್ನು ಮರೆಯಬೇಡಿ.

ಹೋಗುವವರಿಗೆ ಇನ್ನೆರಡು ಮಾತು. ಚಿಕ್ಕ ದುರ್ಬೀನು ಇದ್ದರೆ ತೆಗೆದುಕೊಂಡು ಹೋಗಿ, ಕಾರ್ಬೆಲ್‌ಗಳಿಗೆ ಅದು ಬೇಕು. ಬಾಗಿಲನ್ನು ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿ, ನಡು ಮಧ್ಯಾಹ್ನದ ಬೆಳಕಿನಲ್ಲಿ ಕೆತ್ತನೆ ಚಪ್ಪಟೆಯಾಗುತ್ತದೆ. ಕಾರಿದ್ದರೆ ಹೆರೆಫರ್ಡ್‌ನ ವಾಯವ್ಯಕ್ಕಿರುವ ಎರ್ಡಿಸ್ಲಿ ಊರಿನ ಚರ್ಚಿಗೂ ಹೋಗಿ. ಅಲ್ಲಿ ಇದೇ ಗುಂಪು ಸುಮಾರು 1150ರಲ್ಲಿ ಕೆತ್ತಿದ ದೀಕ್ಷಾಸ್ನಾನದ ತೊಟ್ಟಿ ಇದೆ. ಅದರ ಒಂದು ಬದಿಯಲ್ಲಿ ಇಬ್ಬರು ಬಡಿದಾಡುತ್ತಿದ್ದಾರೆ. ಅವರ ಬಟ್ಟೆ ನೋಡಿ. ಅದೇ ಚಲ್ಲಣ, ಅದೇ ಒತ್ತೊತ್ತಾದ ಗೀರು. ಕಿಲ್‌ಪೆಕ್‌ನ ಎಡಗಂಬದ ಯೋಧರನ್ನು ಕೆತ್ತಿದವನೋ, ಅವನ ಪಕ್ಕದಲ್ಲಿ ಕೂತು ಕಲಿತವನೋ, ಎರ್ಡಿಸ್ಲಿಯಲ್ಲೂ ಕೆಲಸ ಮಾಡಿದ್ದಾನೆ.